ಲಿನಕ್ಸ್ ಗ್ರಾಫಿಕ್ಸ್ ಡ್ರೈವರ್ ಕ್ರ್ಯಾಶ್: ಲಾಗ್ ಹಿಡಿಯುವುದರಿಂದ ಪ್ಯಾಚ್ ಕಳಿಸುವವರೆಗೆ

ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ಉಬುಂಟು ಹಾಕಿದ ಲ್ಯಾಪ್‌ಟಾಪ್ ಹಿಡಿದು ಪಾಠ ಮಾಡುವವರು ಇದನ್ನು ನೋಡಿರಬಹುದು. ಪಾಠ ಮುಗಿಯುತ್ತದೆ. ಮೇಷ್ಟ್ರು ಒಂದು ಕೈಯಲ್ಲಿ ಲ್ಯಾಪ್‌ಟಾಪ್ ಮುಚ್ಚಿ, ಇನ್ನೊಂದು ಕೈಯಲ್ಲಿ ಪ್ರೊಜೆಕ್ಟರಿನ ಎಚ್‌ಡಿಎಂಐ ಕೇಬಲ್ ಕೀಳುತ್ತಾರೆ. ಮುಂದಿನ ಪೀರಿಯಡ್‌ಗೆ ತೆರೆದರೆ ಸ್ಕ್ರೀನ್ ಕಪ್ಪು, ಫ್ಯಾನ್ ಮಾತ್ರ ತಿರುಗುತ್ತಿದೆ. ಪವರ್ ಬಟನ್ ಒತ್ತಿ ಹಿಡಿಯದೆ ಬೇರೆ ದಾರಿ ಕಾಣುವುದಿಲ್ಲ.

ಈ ಮಾರ್ಗದರ್ಶಿ ಇಂಥ ಒಂದು ದೋಷವನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಅದನ್ನು ಡ್ರೈವರ್‌ನ (ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ತಂತ್ರಾಂಶದ) ಕೋಡ್‌ನಲ್ಲಿ ಹುಡುಕಿ ಸರಿಪಡಿಸುವುದು ಹೇಗೆಂದು ವಿವರಿಸುತ್ತದೆ. ಸಿ ಭಾಷೆ ಬಲ್ಲ, ಕರ್ನಲ್ (ಲಿನಕ್ಸ್‌ನ ತಿರುಳು) ಒಮ್ಮೆಯಾದರೂ ಕಂಪೈಲ್ ಮಾಡಿದ ವಿದ್ಯಾರ್ಥಿಗೆ ಇದು ಸಾಧ್ಯವಾದ ಕೆಲಸ. ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದೆ; ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.

ಎಲ್ಲಕ್ಕಿಂತ ಮೊದಲು ಒಂದು ಮಾತು: ಕರ್ನಲ್ ಯಾವ ಸಾಲಿನಲ್ಲಿ ಸತ್ತಿತೋ, ತಪ್ಪು ಆ ಸಾಲಿನಲ್ಲೇ ಇರುವುದು ಅಪರೂಪ. ಯಾರೋ ಬಿಟ್ಟುಕೊಟ್ಟ ಮೆಮೊರಿಯನ್ನು ಇನ್ಯಾರೋ ಮುಟ್ಟಿರುತ್ತಾರೆ. ಮುಟ್ಟಿದವರನ್ನು ತಡೆಯುವುದಲ್ಲ, ಬಿಟ್ಟುಕೊಟ್ಟವರು ಏಕೆ ಅವಸರ ಮಾಡಿದರು ಎಂದು ತಿಳಿಯುವುದೇ ನಿಜವಾದ ಕೆಲಸ.

ಇದು ಯಾವ ಬಗೆಯ ತೊಂದರೆ?

ಸ್ಕ್ರೀನ್ ನಿಂತುಹೋದದ್ದೆಲ್ಲ ಕರ್ನಲ್ ಕ್ರ್ಯಾಶ್ ಅಲ್ಲ. ಅದೇ ನೆಟ್‌ವರ್ಕ್‌ನ ಇನ್ನೊಂದು ಕಂಪ್ಯೂಟರ್‌ನಿಂದ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಮಾಡಿ ನೋಡಿ. ಲಾಗಿನ್ ಆದರೆ ಕರ್ನಲ್ ಬದುಕಿದೆ. ಜಿಪಿಯು (ಗ್ರಾಫಿಕ್ಸ್ ಚಿಪ್) ಸಿಕ್ಕಿಹಾಕಿಕೊಂಡಿರಬಹುದು, ಇಲ್ಲವೇ ಡೆಸ್ಕ್‌ಟಾಪ್ ಮಾತ್ರ ಬಿದ್ದಿರಬಹುದು. ಜಿಪಿಯು ಹ್ಯಾಂಗ್ ಆಗಿದ್ದರೆ ಇಂಟೆಲ್‌ನ ಐ915 ಡ್ರೈವರ್ ತನ್ನ ಸ್ಥಿತಿಯನ್ನು /ಸಿಸ್/ಕ್ಲಾಸ್/ಡಿಆರ್‌ಎಂ/ಕಾರ್ಡ್0/ಎರರ್ ಎಂಬ ಫೈಲ್‌ನಲ್ಲಿ ಇಡುತ್ತದೆ. ಬೇರೆ ಕೆಲವು ಡ್ರೈವರ್‌ಗಳು /ಸಿಸ್/ಕ್ಲಾಸ್/ಡೆವ್‌ಕೋರ್‌ಡಂಪ್ ಕೆಳಗೆ ಇಡುತ್ತವೆ. ಅಲ್ಲಿರುವುದು ಸಾಮಾನ್ಯವಾಗಿ ಐದು ನಿಮಿಷದಲ್ಲಿ ತಾನಾಗಿ ಅಳಿಸಿಹೋಗುತ್ತದೆ, ಆದ್ದರಿಂದ ಮೊದಲು ಅದನ್ನು ಕಾಪಿ ಮಾಡಿ.

ಎಸ್‌ಎಸ್‌ಎಚ್ ಕೂಡ ಆಗದಿದ್ದರೆ ಆಲ್ಟ್ ಮತ್ತು ಸಿಸ್‌ಆರ್‌ಕ್ಯೂ ಹಿಡಿದು ಎಸ್, ಯು, ಬಿ ಒಂದೊಂದಾಗಿ ಒತ್ತಿ. ಡಿಸ್ಕ್‌ಗೆ ಬರೆಯುವುದು ಬಾಕಿಯಿದ್ದದ್ದು ಬರೆದು, ಫೈಲ್‌ಸಿಸ್ಟಮ್ ರೀಡ್-ಓನ್ಲಿ ಆಗಿ, ಯಂತ್ರ ರೀಬೂಟ್ ಆಗುತ್ತದೆ. ಉಬುಂಟುವಿನಲ್ಲಿ ಈ ಕೀಗಳ ಕೆಲವು ಕೆಲಸಗಳಿಗಷ್ಟೇ ಅನುಮತಿಯಿರುತ್ತದೆ. ಈ ಮೂರಕ್ಕೆ ಸಾಮಾನ್ಯವಾಗಿ ತೊಂದರೆಯಿಲ್ಲ.

ಹಾರ್ಡ್‌ವೇರ್ ದೋಷವನ್ನೂ ಮೊದಲೇ ಬದಿಗಿಡಬೇಕು. ಪ್ರತಿ ಸಲ ಬೇರೆ ಬೇರೆ ಫಂಕ್ಷನ್‌ನಲ್ಲಿ, ಗ್ರಾಫಿಕ್ಸ್‌ಗೆ ಸಂಬಂಧವೇ ಇಲ್ಲದ ಕಡೆಯೂ ಸಾಯುತ್ತಿದ್ದರೆ ರಾತ್ರಿಯಿಡೀ ಮೆಮ್‌ಟೆಸ್ಟ್86+ ಓಡಿಸಿ. ಏಪ್ರಿಲ್‌ನಲ್ಲಿ ಮಂಡ್ಯದ ಬಿಸಿಲಿಗೆ, ಧೂಳು ತುಂಬಿದ ಹೀಟ್‌ಸಿಂಕ್ ಇರುವ ಯಂತ್ರ ತನ್ನಷ್ಟಕ್ಕೆ ತಾನೇ ಆಫ್ ಆಗುವುದೂ ಉಂಟು. ಅದು ಡ್ರೈವರ್ ದೋಷವಲ್ಲ. ಪ್ರತಿ ಸಲವೂ ಅದೇ ಫಂಕ್ಷನ್, ಅದೇ ಆಫ್‌ಸೆಟ್ ಕಂಡರೆ ಮಾತ್ರ ಮುಂದೆ ಓದಿ.

ಹಳೆಯ ವಿಜಿಎ ಪ್ರೊಜೆಕ್ಟರ್‌ಗೆ ಎಚ್‌ಡಿಎಂಐ ಕನ್ವರ್ಟರ್ ಹಾಕಿದ್ದರೆ ಇನ್ನೊಂದು ಪರೀಕ್ಷೆಯಿದೆ. /ಸಿಸ್/ಕ್ಲಾಸ್/ಡಿಆರ್‌ಎಂ ಕೆಳಗಿನ ಕಾರ್ಡ್0-ಎಚ್‌ಡಿಎಂಐ-ಎ-1 ಡೈರೆಕ್ಟರಿಯ ಇಡಿಐಡಿ ಫೈಲನ್ನು (ಡಿಸ್‌ಪ್ಲೇ ತನ್ನ ಬಗ್ಗೆ ಕೊಡುವ ಮಾಹಿತಿ) ಹೆಕ್ಸ್‌ಡಂಪ್ ಮಾಡಿ. ಮೊದಲ ಎಂಟು ಬೈಟ್ 00 ಎಫ್‌ಎಫ್ ಎಫ್‌ಎಫ್ ಎಫ್‌ಎಫ್ ಎಫ್‌ಎಫ್ ಎಫ್‌ಎಫ್ ಎಫ್‌ಎಫ್ 00 ಇರಬೇಕು, ಒಟ್ಟು ಗಾತ್ರ 128ರ ಗುಣಕವಾಗಿರಬೇಕು. ಅಗ್ಗದ ಕನ್ವರ್ಟರ್‌ಗಳು ಇಲ್ಲಿ ಖಾಲಿ ಅಥವಾ ಕೆಟ್ಟ ಮಾಹಿತಿ ಕೊಡುವುದುಂಟು. ಹಾಗೆಂದು ಕನ್ವರ್ಟರ್ ಬದಲಿಸಿ ಕೈತೊಳೆದುಕೊಳ್ಳಬೇಡಿ: ಕೆಟ್ಟ ಇಡಿಐಡಿ ಬಂದರೂ ಡ್ರೈವರ್ ಸಾಯಕೂಡದು. ನಿಮ್ಮ ದೋಷವನ್ನು ಮತ್ತೆ ಮತ್ತೆ ತೋರಿಸಲು ಅದೇ ಕನ್ವರ್ಟರ್ ಬೇಕಾಗಬಹುದು, ಎತ್ತಿಡಿ.

ಪಾಠ ನಿಲ್ಲದಿರಲು ಅಷ್ಟರಲ್ಲಿ, ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನಿಂದ ಹಳೆಯ ಕರ್ನಲ್ ಬೂಟ್ ಮಾಡಿಕೊಳ್ಳಿ. ನೋಮೋಡ್‌ಸೆಟ್ ಎಂಬ ಪ್ಯಾರಾಮೀಟರ್ ಕೊಟ್ಟರೆ ಡ್ರೈವರ್ ಏಳುವುದೇ ಇಲ್ಲ, ಆದರೆ ಹೊರಗಿನ ಡಿಸ್‌ಪ್ಲೇ ಕೆಲಸ ಮಾಡುವ ಭರವಸೆಯಿಲ್ಲ. ಪ್ರೊಜೆಕ್ಟರ್ ಬೇಕಾದವರಿಗೆ ಅದು ಉಪಯೋಗಕ್ಕೆ ಬಾರದು.

ಲಾಗ್ ಹಿಡಿಯುವುದು

ರೀಬೂಟ್ ಆದ ಮೇಲೆ ಹಿಂದಿನ ಬೂಟ್‌ನ ಕರ್ನಲ್ ಲಾಗ್ ನೋಡಲು ಜರ್ನಲ್‌ಸಿಟಿಎಲ್ -ಕೆ -ಬಿ -1. ಕೊನೆಯ ಸಾಲುಗಳು ಅಲ್ಲಿ ಸಿಕ್ಕರೆ ಅದೃಷ್ಟ. ಸಾಯುವ ಕರ್ನಲ್‌ಗೆ ಡಿಸ್ಕ್‌ಗೆ ಬರೆಯುವ ಪುರುಸೊತ್ತು ಇರುವುದಿಲ್ಲವಾದ್ದರಿಂದ ಸಾಮಾನ್ಯವಾಗಿ ಸಿಗುವುದಿಲ್ಲ.

ಆಗ ಎರಡು ದಾರಿ. ಯುಇಎಫ್‌ಐ (ಹೊಸ ಬಗೆಯ ಬಯೋಸ್) ಇರುವ ಯಂತ್ರದಲ್ಲಿ ಪಿಸ್ಟೋರ್ ಚಾಲೂ ಇದ್ದರೆ ಕೊನೆಯ ಸಂದೇಶಗಳು ಫರ್ಮ್‌ವೇರ್‌ನ ಮೆಮೊರಿಯಲ್ಲಿ ಉಳಿಯುತ್ತವೆ. ಮುಂದಿನ ಬೂಟ್‌ನಲ್ಲಿ /ಸಿಸ್/ಎಫ್‌ಎಸ್/ಪಿಸ್ಟೋರ್ ನೋಡಿ. ಅಲ್ಲಿ ಖಾಲಿಯಿದ್ದರೆ /ವಾರ್/ಲಿಬ್/ಸಿಸ್ಟಮ್‌ಡಿ/ಪಿಸ್ಟೋರ್ ಕೂಡ ನೋಡಿ, ಸಿಸ್ಟಮ್‌ಡಿ ಅಲ್ಲಿಗೆ ಸಾಗಿಸಿರುತ್ತದೆ. ಎರಡನೆಯದು ನೆಟ್‌ಕನ್ಸೋಲ್: ಕರ್ನಲ್‌ನ ಸಂದೇಶಗಳನ್ನು ಯುಡಿಪಿ ಮೂಲಕ ಪಕ್ಕದ ಕಂಪ್ಯೂಟರ್‌ಗೆ ಕಳಿಸುತ್ತದೆ. ಅಲ್ಲಿ 6666ನೇ ಪೋರ್ಟ್‌ನಲ್ಲಿ ನೆಟ್‌ಕ್ಯಾಟ್ ಕೇಳುತ್ತಿರಲಿ. ವೈಫೈಯನ್ನು ನೆಚ್ಚಬೇಡಿ, ಈಥರ್ನೆಟ್ ಕೇಬಲ್ ಹಾಕಿ. ನಮ್ಮ ಉದಾಹರಣೆಯಂತೆ ಸಸ್ಪೆಂಡ್ (ಯಂತ್ರ ಮಲಗುವ) ಹೊತ್ತಿಗೆ ಕ್ರ್ಯಾಶ್ ಆಗುತ್ತಿದ್ದರೆ ನೆಟ್‌ವರ್ಕ್ ಕಾರ್ಡ್ ಕೂಡ ಆಗಲೇ ಮಲಗಿರಬಹುದು. ಅಲ್ಲಿ ಪಿಸ್ಟೋರ್ ಹೆಚ್ಚು ನಂಬಿಕಸ್ಥ.

ಬೂಟ್ ಸಾಲಿಗೆ ಮೂರು ಪ್ಯಾರಾಮೀಟರ್ ಸೇರಿಸಿ: ನೋ_ಕನ್ಸೋಲ್_ಸಸ್ಪೆಂಡ್, ಲಾಗ್_ಬಫ್_ಲೆನ್=4ಎಂ, ಡಿಆರ್‌ಎಂ.ಡಿಬಗ್=0ಎಕ್ಸ್1ಇ. ಕೊನೆಯದು ಡ್ರೈವರ್, ಮೋಡ್‌ಸೆಟ್, ಪ್ರೈಮ್, ಅಟಾಮಿಕ್ ಈ ನಾಲ್ಕು ಬಗೆಯ ಸಂದೇಶಗಳನ್ನು ತೆರೆಯುತ್ತದೆ. ಲಾಗ್ ವಿಪರೀತ ಉದ್ದವಾಗುವುದರಿಂದಲೇ ಬಫರ್ ಹಿಗ್ಗಿಸುವುದು.

ಊಪ್ಸ್ ಓದುವುದು

ಊಪ್ಸ್ ಎಂದರೆ ಕರ್ನಲ್ ಸಾಯುವಾಗ ಬರೆಯುವ ವರದಿ. ಅದರಲ್ಲಿ ನಾಲ್ಕು ಕಡೆ ಕಣ್ಣಿಡಿ.

ಮೊದಲನೆಯದು ವಿಳಾಸ. 0000000000000058ರಂಥ ಪುಟ್ಟ ಸಂಖ್ಯೆ ಇದ್ದರೆ, ಶೂನ್ಯ ಪಾಯಿಂಟರ್‌ನಿಂದ ಒಂದು ಸ್ಟ್ರಕ್ಟ್‌ನ 0ಎಕ್ಸ್58ನೇ ಬೈಟ್‌ನಲ್ಲಿರುವ ಸದಸ್ಯನನ್ನು ಓದಲು ಹೋಗಿದೆ. ಪಾಹೋಲ್ ಎಂಬ ಸಾಧನ ಆ ಸ್ಟ್ರಕ್ಟ್ ಬಿಡಿಸಿ, ಅಲ್ಲಿರುವುದು ಯಾವ ಸದಸ್ಯ ಎಂದು ಹೇಳುತ್ತದೆ. 6ಬಿ6ಬಿ6ಬಿ6ಬಿ ಎಂದು ರಿಜಿಸ್ಟರ್‌ಗಳಲ್ಲಿ ಕಂಡರೆ ಅದು ಬಿಡುಗಡೆಯಾದ ಮೆಮೊರಿಗೆ ಡಿಬಗ್ ಕರ್ನಲ್ ಬಳಿಯುವ ಗುರುತು. ಡೆಡ್000000000100 ಅಥವಾ ಡೆಡ್000000000122 ಕಂಡರೆ ಲಿಸ್ಟ್‌ನಿಂದ ಒಮ್ಮೆ ತೆಗೆದುಹಾಕಿದ್ದನ್ನು ಮತ್ತೆ ಮುಟ್ಟಲಾಗಿದೆ.

ಎರಡನೆಯದು ಆರ್‌ಐಪಿ ಸಾಲು (ಪ್ರೊಸೆಸರ್ ನಿಂತ ಜಾಗ): ಫಂಕ್ಷನ್ ಹೆಸರು, ಕೂಡುವ ಚಿಹ್ನೆ, ಆಫ್‌ಸೆಟ್, ಓರೆಗೆರೆ, ಫಂಕ್ಷನ್‌ನ ಉದ್ದ. ಕರ್ನಲ್ ಮೂಲದ ಸ್ಕ್ರಿಪ್ಟ್ಸ್ ಡೈರೆಕ್ಟರಿಯಲ್ಲಿರುವ ಎಫ್‌ಎಡಿಡಿಆರ್2ಲೈನ್‌ಗೆ ಮಾಡ್ಯೂಲ್ ಫೈಲನ್ನೂ ಈ ಹೆಸರನ್ನೂ ಕೊಟ್ಟರೆ ಸೋರ್ಸ್‌ನ ಸಾಲಿನ ಸಂಖ್ಯೆ ಸಿಗುತ್ತದೆ. ಇದಕ್ಕೆ ಡಿಬಗ್ ಮಾಹಿತಿ ಇರುವ, ಅದೇ ಬಿಲ್ಡ್‌ನ ಫೈಲ್ ಬೇಕು. ಬೇರೆ ಬಿಲ್ಡ್‌ನದು ಕೊಟ್ಟರೆ ತಪ್ಪು ಸಾಲು ತೋರಿಸಿ ದಾರಿ ತಪ್ಪಿಸೀತು. ಪೂರ್ತಿ ಕಾಲ್ ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತೆಂಬ ಪಟ್ಟಿ) ಬಿಡಿಸಲು ಡಿಕೋಡ್_ಸ್ಟ್ಯಾಕ್‌ಟ್ರೇಸ್ ಸ್ಕ್ರಿಪ್ಟ್ ಅಲ್ಲೇ ಇದೆ.

ಮೂರನೆಯದು ಕಾಲ್ ಟ್ರೇಸ್. ಪ್ರಶ್ನಾರ್ಥಕ ಚಿಹ್ನೆ ಇರುವ ಸಾಲುಗಳನ್ನು ನಂಬಬೇಡಿ, ಅವು ಸ್ಟ್ಯಾಕ್‌ನಲ್ಲಿ ಉಳಿದ ಹಳೆಯ ಕಸ ಆಗಿರಬಹುದು. ಟ್ರೇಸ್‌ನ ತಳದಲ್ಲಿ ವರ್ಕರ್_ಥ್ರೆಡ್, ಪ್ರೋಸೆಸ್_ಒನ್_ವರ್ಕ್ ಇದ್ದರೆ, ಕ್ರ್ಯಾಶ್ ಆದದ್ದು ನೀವು ಮಾಡುತ್ತಿದ್ದ ಕೆಲಸದಲ್ಲಲ್ಲ, ಹಿನ್ನೆಲೆಯಲ್ಲಿ ವರ್ಕ್‌ಕ್ಯೂ (ಆಮೇಲೆ ಮಾಡುವ ಕೆಲಸಗಳ ಸರದಿ) ಓಡಿಸಿದ ಕೆಲಸದಲ್ಲಿ. ನಮ್ಮ ಉದಾಹರಣೆಯಲ್ಲಿ ಹಾಗೇ ಇದೆ: ಕೇಬಲ್ ಹಾಕಿದ್ದು, ಕಿತ್ತದ್ದು ಗಮನಿಸುವ ಹಾಟ್‌ಪ್ಲಗ್ ವರ್ಕರ್ ಸತ್ತಿದೆ.

ನಾಲ್ಕನೆಯದು ಟೇಂಟ್ ಅಕ್ಷರಗಳು, ಅಂದರೆ ಕರ್ನಲ್ ಶುದ್ಧವಾಗಿಲ್ಲವೆಂದು ಹೇಳುವ ಗುರುತುಗಳು. ಪಿ ಎಂದರೆ ಮುಚ್ಚಿದ ಸೋರ್ಸ್‌ನ ಮಾಡ್ಯೂಲ್, ಓ ಎಂದರೆ ಕರ್ನಲ್‌ನ ಹೊರಗೆ ಕಟ್ಟಿದ ಮಾಡ್ಯೂಲ್ ಸೇರಿದೆ. ಡಬ್ಲ್ಯು ಎಂದರೆ ಇದಕ್ಕೂ ಮೊದಲು ಒಂದು ಎಚ್ಚರಿಕೆ ಬಂದಿತ್ತು; ಲಾಗ್‌ನಲ್ಲಿ ಮೇಲೆ ಹೋಗಿ ಆ ಎಚ್ಚರಿಕೆಯನ್ನೇ ಮೊದಲು ಓದಿ, ಬೇರು ಅಲ್ಲಿರುವ ಸಾಧ್ಯತೆ ಹೆಚ್ಚು. ಎಂ ಇದ್ದರೆ ಪ್ರೊಸೆಸರ್ ಸ್ವತಃ ಹಾರ್ಡ್‌ವೇರ್ ದೋಷ ವರದಿ ಮಾಡಿದೆ.

ಡಿಬಗ್ ಕರ್ನಲ್ ಕಟ್ಟುವುದು

ಈ ದೋಷ ಈಗಾಗಲೇ ಸರಿಯಾಗಿದೆಯೇ ಎಂದು ಮೊದಲು ನೋಡಿ. ಉಬುಂಟು ಒದಗಿಸುವ ಮೇನ್‌ಲೈನ್ (ಲಿನಕ್ಸ್‌ನ ಮೂಲ ಕವಲಿನ) ಕರ್ನಲ್ ಪ್ಯಾಕೇಜ್‌ಗಳಲ್ಲಿ ಹೊಸದನ್ನು ಹಾಕಿ ಪರೀಕ್ಷಿಸಿದರೆ ಸಾಕು. ಸೆಕ್ಯೂರ್ ಬೂಟ್ ಆನ್ ಇದ್ದರೆ ಅವು ಬೂಟ್ ಆಗುವುದಿಲ್ಲ. ಬಯೋಸ್‌ನಲ್ಲಿ ಅದನ್ನು ಆಫ್ ಮಾಡಿ.

ಹೊಸದರಲ್ಲೂ ಸತ್ತರೆ ಗಿಟ್‌ನಿಂದ ಮೂಲವನ್ನು ಇಳಿಸಿಕೊಳ್ಳಿ. ಪೂರ್ತಿ ಇತಿಹಾಸ ಹಲವು ಜಿಬಿ ಆಗುತ್ತದೆ, ಮೊಬೈಲ್ ಡೇಟಾದಲ್ಲಿ ಮಾಡುವ ಕೆಲಸವಲ್ಲ. ಡಿಸ್ಕ್‌ನಲ್ಲಿ 30 ಜಿಬಿ ಖಾಲಿ ಇಟ್ಟುಕೊಳ್ಳಿ. ದೋಷವಿರುವ ಯಂತ್ರದಲ್ಲೇ, ಪ್ರೊಜೆಕ್ಟರ್, ಡಾಕ್, ಪೆನ್‌ಡ್ರೈವ್ ಎಲ್ಲ ಚುಚ್ಚಿ, ಮೇಕ್ ಲೋಕಲ್‌ಮಾಡ್‌ಕಾನ್ಫಿಗ್ ಕೊಡಿ. ಆ ಹೊತ್ತಿಗೆ ಲೋಡ್ ಆಗಿರುವ ಮಾಡ್ಯೂಲ್‌ಗಳಷ್ಟೇ ಉಳಿದು ಕಂಪೈಲ್ ಸಮಯ ಬಹಳಷ್ಟು ಇಳಿಯುತ್ತದೆ. ಚುಚ್ಚದೆ ಬಿಟ್ಟ ಸಾಧನದ ಡ್ರೈವರ್ ಆ ಕರ್ನಲ್‌ನಲ್ಲಿ ಇರುವುದೇ ಇಲ್ಲ.

ಇದರ ಮೇಲೆ ಕಾನ್ಫಿಗ್‌ನಲ್ಲಿ ಇವಿಷ್ಟು ಆನ್ ಆಗಬೇಕು: ಡಿಬಗ್_ಇನ್ಫೋ, ಕಸಾನ್ (ಮೆಮೊರಿಯ ತಪ್ಪು ಬಳಕೆ ಹಿಡಿಯುವುದು), ಪ್ರೂವ್_ಲಾಕಿಂಗ್ (ಲಾಕ್‌ಗಳ ತಪ್ಪು ಹಿಡಿಯುವ ಲಾಕ್‌ಡೆಪ್), ಡಿಬಗ್_ಆಬ್ಜೆಕ್ಟ್ಸ್ (ಲಾಗ್‌ನಲ್ಲಿ ಓಡಿಬಗ್ ಎಂದು ಕಾಣುತ್ತದೆ) ಮತ್ತು ಅದರ ಕೆಳಗಿನ ವರ್ಕ್, ಟೈಮರ್ ಆಯ್ಕೆಗಳು. ಕಸಾನ್ ಮೆಮೊರಿಯ ಎಂಟನೇ ಒಂದು ಭಾಗವನ್ನು ತನ್ನ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಯಂತ್ರ ಎದ್ದು ಕಾಣುವಷ್ಟು ನಿಧಾನವಾಗುತ್ತದೆ. ಆದರೆ ಅದು ಕೊಡುವ ವರದಿಗೆ ಬೆಲೆ ಕಟ್ಟಲಾಗದು: ಮೆಮೊರಿಯನ್ನು ಮುಟ್ಟಿದ್ದು ಯಾರು, ಪಡೆದದ್ದು ಯಾರು, ಬಿಟ್ಟುಕೊಟ್ಟದ್ದು ಯಾರು ಎಂದು ಮೂರು ಬೇರೆ ಬೇರೆ ಟ್ರೇಸ್ ಕೊಡುತ್ತದೆ. ಮೂರನೆಯ ಟ್ರೇಸ್ ಅನ್ನೇ ಪ್ರಿಂಟ್ ತೆಗೆದು ಮುಂದೆ ಇಟ್ಟುಕೊಳ್ಳಿ.

ದೋಷವನ್ನು ಕೇಳಿದಾಗ ಬರಿಸುವುದು

ಆಗೊಮ್ಮೆ ಈಗೊಮ್ಮೆ ಬರುವ ದೋಷವನ್ನು ಸರಿಪಡಿಸಿದೆವೆಂದು ಹೇಳುವುದು ಸುಳ್ಳು ಸಮಾಧಾನ. ಆರ್‌ಟಿಸಿವೇಕ್ -ಎಂ ಮೆಮ್ -ಎಸ್ 20 ಎಂದರೆ ಯಂತ್ರ ಮಲಗಿ 20 ಸೆಕೆಂಡಿಗೆ ತಾನೇ ಏಳುತ್ತದೆ. ಇದನ್ನು ಲೂಪ್‌ನಲ್ಲಿ ಹಾಕಿ, ಮಲಗುವ ಹೊತ್ತಿಗೆ ಸರಿಯಾಗಿ ಕೇಬಲ್ ಕೀಳಿ. ಕನೆಕ್ಟರ್ ಡೈರೆಕ್ಟರಿಯ ಸ್ಟೇಟಸ್ ಫೈಲ್‌ಗೆ ಆಫ್, ಡಿಟೆಕ್ಟ್ ಎಂದು ಬರೆದೂ ಪರೀಕ್ಷೆಯನ್ನು ಎಬ್ಬಿಸಬಹುದು, ಆದರೆ ಅದು ನಿಜವಾದ ಹಾಟ್‌ಪ್ಲಗ್ ಇಂಟರಪ್ಟ್‌ನ (ಹಾರ್ಡ್‌ವೇರ್ ಕೊಡುವ ಕರೆಯ) ದಾರಿಯಲ್ಲಿ ಹೋಗುವುದಿಲ್ಲ. ಕೈಯಿಂದ ಕೀಳುವುದೇ ಮೇಲು. ಕೇಬಲ್ ಮುಟ್ಟದೆಯೂ ಸುಮಾರು 10 ಸೆಕೆಂಡಿಗೊಮ್ಮೆ ಲಕ್ಷಣ ಕಂಡರೆ ಡಿಆರ್‌ಎಂನ (ಕರ್ನಲ್‌ನ ಗ್ರಾಫಿಕ್ಸ್ ಭಾಗದ) ಔಟ್‌ಪುಟ್ ಪೋಲ್ ಕೆಲಸದ ಕಡೆ ನೋಡಿ. ಅದರ ಅವಧಿ ಅಷ್ಟೇ.

ಇನ್ನೂ ಗಟ್ಟಿ ಉಪಾಯವೊಂದಿದೆ. ಹಾಟ್‌ಪ್ಲಗ್ ವರ್ಕರ್‌ನ ಮೊದಲ ಸಾಲಿಗೆ ಎಂಸ್ಲೀಪ್(2000) ಸೇರಿಸಿ. ಎರಡು ಕೆಲಸಗಳ ನಡುವೆ ಕೆಲವೇ ಮೈಕ್ರೋಸೆಕೆಂಡ್ ಇದ್ದ ಸಂದು ಎರಡು ಸೆಕೆಂಡಿಗೆ ಅಗಲವಾಗುತ್ತದೆ. ನಿಮ್ಮ ಅನುಮಾನ ಸರಿಯಿದ್ದರೆ ಈಗ ಕೇಬಲ್ ಕಿತ್ತು ಮುಚ್ಚಿದ ಪ್ರತಿ ಸಲವೂ ಸಾಯುತ್ತದೆ. ಸಾಯದಿದ್ದರೆ ಅನುಮಾನವೇ ತಪ್ಪು, ಅದೂ ತಿಳಿಯಬೇಕಾದದ್ದೇ.

ಬೈಸೆಕ್ಟ್, ಬೇಕಾದರೆ

ಹಳೆಯ ಕರ್ನಲ್‌ನಲ್ಲಿ ಸರಿಯಿದ್ದು ಹೊಸದರಲ್ಲಿ ಕೆಟ್ಟಿದ್ದರೆ ಗಿಟ್ ಬೈಸೆಕ್ಟ್ ಮಾಡಿ: ಪ್ರತಿ ಸುತ್ತಿಗೂ ಅನುಮಾನದ ಕಮಿಟ್‌ಗಳನ್ನು ಅರ್ಧಕ್ಕೆ ಇಳಿಸುತ್ತಾ ಹುಡುಕುವುದು. ಒಂದು ಬಿಡುಗಡೆಯಿಂದ ಮುಂದಿನದಕ್ಕೆ ಸುಮಾರು 14,000 ಕಮಿಟ್ ಇದ್ದರೆ 14 ಸುತ್ತಿನಲ್ಲಿ ತಪ್ಪಿತಸ್ಥ ಸಿಗುತ್ತದೆ. ಡ್ರೈವರ್ಸ್/ಜಿಪಿಯು/ಡಿಆರ್‌ಎಂ ಎಂದು ಡೈರೆಕ್ಟರಿ ಮಿತಿ ಹಾಕಿದರೆ ಸುತ್ತು ಕಡಿಮೆ, ಆದರೆ ಕಾರಣ ಅದರ ಹೊರಗಿದ್ದರೆ ಶ್ರಮ ವ್ಯರ್ಥ.

ಬೈಸೆಕ್ಟ್ ಕೆಡುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಕೆಟ್ಟ ಕರ್ನಲ್‌ಗೆ 'ಗುಡ್' ಎಂದು ಹೇಳಿಬಿಡುವುದು. ಐದು ಸಲಕ್ಕೆ ಒಮ್ಮೆ ಬರುವ ದೋಷವನ್ನು ಐದೇ ಸಲ ಪರೀಕ್ಷಿಸಿದರೆ, ಅದು ಒಮ್ಮೆಯೂ ಕಾಣದೆ ಹೋಗುವ ಸಂಭವ ಶೇ 33. ಇಪ್ಪತ್ತು ಸಲ ಪರೀಕ್ಷಿಸಿದರೆ ಶೇ 1ರ ಆಸುಪಾಸು. 'ಬ್ಯಾಡ್' ಎನ್ನಲು ಒಂದು ಕ್ರ್ಯಾಶ್ ಸಾಕು, 'ಗುಡ್' ಎನ್ನಲು ಇಪ್ಪತ್ತು ಬೇಕು.

ಕರೆಂಟ್ ಹೋಗುವ ಊರಿನಲ್ಲಿ ಇದನ್ನು ಡೆಸ್ಕ್‌ಟಾಪ್‌ನಲ್ಲಿ ಮಾಡುತ್ತಿದ್ದರೆ ಯುಪಿಎಸ್ ಕಡ್ಡಾಯ. ಕಂಪೈಲ್ ಮಧ್ಯೆ ಆಫ್ ಆದರೆ ಕೆಲವು ಆಬ್ಜೆಕ್ಟ್ ಫೈಲ್‌ಗಳು ಶೂನ್ಯ ಗಾತ್ರದಲ್ಲಿ ಉಳಿದುಬಿಡುತ್ತವೆ. ಮೇಕ್ ಅವನ್ನು ಮುಗಿದ ಕೆಲಸವೆಂದು ತಿಳಿಯುತ್ತದೆ, ಕೊನೆಗೆ ಲಿಂಕ್ ಮಾಡುವಾಗ ಅರ್ಥವಾಗದ ದೋಷ ಬರುತ್ತದೆ. ಮೇಕ್ ಕ್ಲೀನ್ ಮಾಡಿ ಮತ್ತೆ ಶುರು ಮಾಡಿ, ಗಿಟ್ ಎಫ್‌ಎಸ್‌ಸಿಕೆ ಕೂಡ ಓಡಿಸಿ. ಪ್ರತಿ ಸುತ್ತಿನ ನಂತರ ಗಿಟ್ ಬೈಸೆಕ್ಟ್ ಲಾಗ್‌ನ ಔಟ್‌ಪುಟನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡರೆ, ಎಲ್ಲ ಹಾಳಾದರೂ ರೀಪ್ಲೇ ಕಮಾಂಡ್‌ನಿಂದ ನಿಂತಲ್ಲಿಂದ ಮುಂದುವರಿಯಬಹುದು.

ಸರಿಪಡಿಸುವುದು

ಈಗ ಉದಾಹರಣೆಯ ಕಥೆ ಪೂರ್ತಿ ಕಾಣುತ್ತದೆ. ಕೇಬಲ್ ಕಿತ್ತಾಗ ಇಂಟರಪ್ಟ್ ಬಂತು. ಇಂಟರಪ್ಟ್ ಹ್ಯಾಂಡ್ಲರ್ ಹಾಟ್‌ಪ್ಲಗ್ ಕೆಲಸವನ್ನು ಸ್ವಲ್ಪ ತಡಮಾಡಿ ಓಡಿಸುವಂತೆ ವರ್ಕ್‌ಕ್ಯೂಗೆ ಹಾಕಿತು. ಅಷ್ಟರಲ್ಲಿ ಮುಚ್ಚಳ ಮುಚ್ಚಿತು. ಸಸ್ಪೆಂಡ್ ಫಂಕ್ಷನ್ ಔಟ್‌ಪುಟ್ ಆಫ್ ಮಾಡಿ, ಓದಿಟ್ಟಿದ್ದ ಇಡಿಐಡಿ ಬಫರ್ ಬಿಟ್ಟುಕೊಟ್ಟಿತು. ಆಮೇಲೆ ವರ್ಕರ್ ಎದ್ದು ಅದೇ ಬಫರ್ ಓದಲು ಹೋಯಿತು. ಸಸ್ಪೆಂಡ್ ಶುರುವಾದರೆ ಕೆಲಸಗಳೆಲ್ಲ ತಾವಾಗಿ ನಿಲ್ಲುತ್ತವೆ ಎಂಬ ನಂಬಿಕೆ ಇಲ್ಲಿ ಸುಳ್ಳಾಗುತ್ತದೆ: ಡಬ್ಲ್ಯುಕ್ಯೂ_ಫ್ರೀಜಬಲ್ ಎಂದು ಗುರುತು ಮಾಡಿದ ವರ್ಕ್‌ಕ್ಯೂ ಮಾತ್ರ ನಿಲ್ಲುತ್ತದೆ, ಸಾಮಾನ್ಯ ಸಿಸ್ಟಮ್ ವರ್ಕ್‌ಕ್ಯೂ ಓಡುತ್ತಲೇ ಇರುತ್ತದೆ.

ಎಲ್ಲರಿಗೂ ಮೊದಲು ಹೊಳೆಯುವುದು ವರ್ಕರ್‌ನಲ್ಲಿ 'ಪಾಯಿಂಟರ್ ಶೂನ್ಯವಾದರೆ ಹಿಂದಿರುಗು' ಎಂಬ ಸಾಲು. ಅದು ಸೋರುವ ಸೂರಿನ ಕೆಳಗೆ ಪಾತ್ರೆ ಇಟ್ಟಂತೆ. ಬಿಟ್ಟುಕೊಟ್ಟ ಪಾಯಿಂಟರನ್ನು ಯಾರೂ ಶೂನ್ಯ ಮಾಡದಿದ್ದರೆ ಆ ಪರೀಕ್ಷೆಗೆ ಅರ್ಥವೇ ಇಲ್ಲ. ಶೂನ್ಯ ಮಾಡಿದ್ದರೂ, ಪರೀಕ್ಷಿಸಿದ ಕ್ಷಣಕ್ಕೂ ಬಳಸುವ ಕ್ಷಣಕ್ಕೂ ನಡುವೆ ಇನ್ನೊಂದು ಸಿಪಿಯು ಬಿಟ್ಟುಕೊಡಬಹುದು. ಕ್ರ್ಯಾಶ್ ಅಪರೂಪವಾಗುತ್ತದೆಯೇ ಹೊರತು ಹೋಗುವುದಿಲ್ಲ, ಮುಂದಿನವರಿಗೆ ಹುಡುಕುವುದು ಇನ್ನೂ ಕಷ್ಟ.

ಸರಿಯಾದ ತಿದ್ದುಪಡಿ ಇರುವುದು ಸಸ್ಪೆಂಡ್ ಫಂಕ್ಷನ್‌ನಲ್ಲಿ, ಅದರಲ್ಲೂ ಕ್ರಮದಲ್ಲಿ. ಮೊದಲು ಹಾರ್ಡ್‌ವೇರ್ ರಿಜಿಸ್ಟರ್‌ನಲ್ಲಿ ಹಾಟ್‌ಪ್ಲಗ್ ಇಂಟರಪ್ಟ್ ಮುಚ್ಚಬೇಕು. ಬಳಿಕ ಸಿಂಕ್ರೊನೈಜ್_ಐಆರ್‌ಕ್ಯೂ ಕರೆದು, ಆಗಲೇ ಓಡುತ್ತಿರುವ ಹ್ಯಾಂಡ್ಲರ್ ಮುಗಿಯುವವರೆಗೆ ಕಾಯಬೇಕು. ಆಮೇಲೆ ಕ್ಯಾನ್ಸಲ್_ಡಿಲೇಡ್_ವರ್ಕ್_ಸಿಂಕ್: ಕ್ಯೂನಲ್ಲಿರುವುದನ್ನು ತೆಗೆಯುತ್ತದೆ, ಓಡುತ್ತಿದ್ದರೆ ಮುಗಿಯುವವರೆಗೆ ಕಾಯುತ್ತದೆ. ಕೊನೆಗಷ್ಟೇ ಬಫರ್ ಬಿಟ್ಟುಕೊಡುವುದು. ಇಂಟರಪ್ಟ್ ಮುಚ್ಚುವ ಮೊದಲೇ ಕ್ಯಾನ್ಸಲ್ ಮಾಡಿದರೆ, ಮರುಕ್ಷಣವೇ ಹೊಸ ಇಂಟರಪ್ಟ್ ಬಂದು ಕೆಲಸವನ್ನು ಮತ್ತೆ ಕ್ಯೂಗೆ ಹಾಕುತ್ತದೆ. ಹೆಸರಿನ ಕೊನೆಯ 'ಸಿಂಕ್' ಬಿಟ್ಟುಹೋದರೆ ಓಡುತ್ತಿರುವ ವರ್ಕರ್‌ಗೆ ಯಾರೂ ಕಾಯುವುದಿಲ್ಲ. ರಿಸ್ಯೂಮ್‌ನಲ್ಲಿ ಎಲ್ಲವೂ ತಿರುಗುಮುರುಗು: ಔಟ್‌ಪುಟ್ ಸಿದ್ಧವಾದ ಮೇಲಷ್ಟೇ ಇಂಟರಪ್ಟ್ ತೆರೆಯಬೇಕು. ಮಲಗಿದ್ದಾಗ ಕೇಬಲ್ ಬದಲಾಗಿರಬಹುದಾದ್ದರಿಂದ ಒಮ್ಮೆ ಹಾಟ್‌ಪ್ಲಗ್ ಪರೀಕ್ಷೆಯನ್ನೂ ಎಬ್ಬಿಸಬೇಕು.

ಇಲ್ಲೊಂದು ಗುಂಡಿ ಇದೆ. ವರ್ಕರ್ ತನ್ನೊಳಗೆ ಮೋಡ್_ಕಾನ್ಫಿಗ್ ಮ್ಯೂಟೆಕ್ಸ್ (ಒಮ್ಮೆಗೆ ಒಬ್ಬರೇ ಹಿಡಿಯಬಹುದಾದ ಲಾಕ್) ಹಿಡಿಯುವುದಾದರೆ, ಅದೇ ಮ್ಯೂಟೆಕ್ಸ್ ಹಿಡಿದುಕೊಂಡು ನೀವು ಕ್ಯಾನ್ಸಲ್ ಕರೆಯಬಾರದು. ನೀವು ವರ್ಕರ್‌ಗೆ ಕಾಯುತ್ತೀರಿ, ವರ್ಕರ್ ನಿಮ್ಮ ಲಾಕ್‌ಗೆ ಕಾಯುತ್ತದೆ. ಕ್ರ್ಯಾಶ್ ಹೋಗಿ ಹ್ಯಾಂಗ್ ಬರುತ್ತದೆ. ಪ್ರೂವ್_ಲಾಕಿಂಗ್ ಆನ್ ಮಾಡಿದ್ದು ಇದಕ್ಕೇ. ನಿಜವಾಗಿ ಹ್ಯಾಂಗ್ ಆಗುವ ಮೊದಲೇ 'ಲಾಕ್‌ಗಳು ವೃತ್ತಾಕಾರವಾಗಿ ಒಂದನ್ನೊಂದು ಕಾಯಬಹುದು' ಎಂಬ ಎಚ್ಚರಿಕೆ ಲಾಗ್‌ನಲ್ಲಿ ಬೀಳುತ್ತದೆ.

ಸಸ್ಪೆಂಡ್ ಸರಿಮಾಡಿದ ಮೇಲೆ ಅದೇ ವರ್ಕರ್ ಇನ್ನೆಲ್ಲಿ ಉಳಿದುಬಿಡಬಹುದೆಂದು ಹುಡುಕಿ: ಡ್ರೈವರ್ ತೆಗೆಯುವ ರಿಮೂವ್ ಫಂಕ್ಷನ್, ಪ್ರೋಬ್ ಅರ್ಧಕ್ಕೆ ಸೋತಾಗಿನ ದಾರಿ, ಶಟ್‌ಡೌನ್. ಒಂದು ಕಡೆ ಮರೆತವರು ಇನ್ನೊಂದು ಕಡೆಯೂ ಮರೆತಿರುತ್ತಾರೆ.

ಪರೀಕ್ಷೆ

ಎಂಸ್ಲೀಪ್ ಸಾಲನ್ನು ಹಾಗೇ ಬಿಟ್ಟು ನಿಮ್ಮ ತಿದ್ದುಪಡಿಯನ್ನು ಪರೀಕ್ಷಿಸಿ. ಸಂದು ಎರಡು ಸೆಕೆಂಡ್ ಅಗಲವಿದ್ದರೂ ಸಾಯದಿದ್ದರೆ ತಿದ್ದುಪಡಿ ನಿಂತಿತು ಎಂದರ್ಥ. ಬಳಿಕ ಆ ಸಾಲು ತೆಗೆದು 50 ಸಲ ಸಸ್ಪೆಂಡ್ ಲೂಪ್ ಓಡಿಸಿ. ಕಸಾನ್, ಲಾಕ್‌ಡೆಪ್, ಓಡಿಬಗ್ ಯಾವುದರಿಂದಲೂ ಒಂದು ಸಾಲೂ ಬರಬಾರದು. ಗ್ರಾಫಿಕ್ಸ್ ಡ್ರೈವರ್ ಪರೀಕ್ಷೆಗಳ ಸಂಗ್ರಹವಾದ ಐಜಿಟಿ ಜಿಪಿಯು ಟೂಲ್ಸ್‌ನ ಕೋರ್_ಹಾಟ್‌ಅನ್‌ಪ್ಲಗ್ ಪರೀಕ್ಷೆ ರಿಮೂವ್ ದಾರಿಯನ್ನು ಚೆನ್ನಾಗಿ ಅಲ್ಲಾಡಿಸುತ್ತದೆ. ಇದನ್ನು ಓಡಿಸುವಾಗ ಡೆಸ್ಕ್‌ಟಾಪ್ ನಿಲ್ಲಿಸಿ, ಎಸ್‌ಎಸ್‌ಎಚ್‌ನಿಂದ ಓಡಿಸಿ. ಕೊನೆಗೆ ಪಾಠದ ಕೋಣೆಗೇ ಹೋಗಿ, ಅದೇ ಪ್ರೊಜೆಕ್ಟರ್, ಅದೇ ಕನ್ವರ್ಟರ್ ಹಾಕಿ ನೋಡಿ.

ಪ್ಯಾಚ್ ಕಳಿಸುವುದು

ಒಂದು ಪ್ಯಾಚ್, ಒಂದು ತಿದ್ದುಪಡಿ. ಅಕ್ಕಪಕ್ಕದ ಕಾಮೆಂಟ್ ಸರಿಮಾಡುವ ಆಸೆ ಬೇಡ. ಕಮಿಟ್ ಸಂದೇಶ ಇಂಗ್ಲಿಷ್‌ನಲ್ಲಿ, ಮೂರು ವಿಷಯ: ಬಳಕೆದಾರನಿಗೆ ಏನು ಕಾಣುತ್ತದೆ, ಯಾವ ಎರಡು ದಾರಿಗಳು ಡಿಕ್ಕಿ ಹೊಡೆಯುತ್ತವೆ, ಈ ಕ್ರಮ ಏಕೆ ಸರಿ. ಊಪ್ಸ್‌ನ ಮುಖ್ಯ ಸಾಲುಗಳನ್ನು ಸಮಯದ ಅಂಕಿಗಳನ್ನು ತೆಗೆದು ಸೇರಿಸಿ. ಕೆಳಗೆ 'ಫಿಕ್ಸಸ್' ಸಾಲು, ಅದರಲ್ಲಿ ದೋಷ ತಂದ ಕಮಿಟ್‌ನ ಮೊದಲ 12 ಅಕ್ಷರ ಮತ್ತು ಶೀರ್ಷಿಕೆ, ಸ್ಟೇಬಲ್ (ಈಗಾಗಲೇ ಬಿಡುಗಡೆಯಾಗಿ ತಿದ್ದುಪಡಿ ಪಡೆಯುತ್ತಿರುವ) ಕರ್ನಲ್‌ಗಳಿಗೂ ಬೇಕಾದರೆ ಸ್ಟೇಬಲ್ ವಿಳಾಸದ 'ಸಿಸಿ', ನಿಮ್ಮ 'ಸೈನ್ಡ್-ಆಫ್-ಬೈ'. ಸ್ಟೇಬಲ್‌ಗೆ ಹೋಗುವ ಪ್ಯಾಚ್ ಸುತ್ತಲಿನ ಸಾಲುಗಳೂ ಸೇರಿ 100 ಸಾಲು ಮೀರಬಾರದು, ಮೊದಲು ಮೇನ್‌ಲೈನ್ ಸೇರಿರಬೇಕು.

ಬರವಣಿಗೆಯ ಶೈಲಿ ಪರೀಕ್ಷಿಸುವ ಚೆಕ್‌ಪ್ಯಾಚ್ ಓಡಿಸಿ, ಗೆಟ್_ಮೇಂಟೇನರ್ ಸ್ಕ್ರಿಪ್ಟ್ ಹೇಳಿದವರಿಗೆಲ್ಲ ಗಿಟ್ ಸೆಂಡ್-ಇಮೇಲ್‌ನಿಂದ ಕಳಿಸಿ. ಜಿಮೇಲ್‌ನ ವೆಬ್ ಪುಟದಲ್ಲಿ ಅಂಟಿಸಿದರೆ ಟ್ಯಾಬ್‌ಗಳು ಸ್ಪೇಸ್ ಆಗಿ, ಸಾಲುಗಳು ಮುರಿದು ಪ್ಯಾಚ್ ಹಾಳಾಗುತ್ತದೆ. ಜಿಮೇಲ್ ಖಾತೆಯಿಂದಲೇ ಕಳಿಸಲು ಎರಡು ಹಂತದ ಪರಿಶೀಲನೆ ಆನ್ ಮಾಡಿ ಆ್ಯಪ್ ಪಾಸ್‌ವರ್ಡ್ ಪಡೆಯಿರಿ. ಕಾಲೇಜಿನ ನೆಟ್‌ವರ್ಕ್‌ನಲ್ಲಿ 587ನೇ ಪೋರ್ಟ್ ಮುಚ್ಚಿದ್ದರೆ ಮೊಬೈಲ್ ಹಾಟ್‌ಸ್ಪಾಟ್ ಸಾಕು. ಉತ್ತರ ಬರದಿದ್ದರೆ ಒಂದೆರಡು ವಾರ ಕಾದು ವಿನಯವಾಗಿ ನೆನಪಿಸಿ. ತಿದ್ದಿ ಮತ್ತೆ ಕಳಿಸುವಾಗ ಶೀರ್ಷಿಕೆಯಲ್ಲಿ ವಿ2 ಇರಲಿ, ಏನು ಬದಲಾಯಿತೆಂಬುದನ್ನು ಮೂರು ಅಡ್ಡಗೆರೆಗಳ ಕೆಳಗೆ ಬರೆಯಿರಿ.

ಅಲ್ಲಿಯವರೆಗೆ ನಿಮ್ಮ ಲ್ಯಾಬ್

ಪ್ಯಾಚ್ ಮೇನ್‌ಲೈನ್ ಸೇರಿ, ಸ್ಟೇಬಲ್‌ಗೆ ಇಳಿದು, ಉಬುಂಟು ಅಪ್‌ಡೇಟ್ ಆಗಿ ಬರಲು ವಾರಗಳು ಹಿಡಿಯುತ್ತವೆ. ಅಷ್ಟರವರೆಗೆ ಉಬುಂಟುವಿನದೇ ಕರ್ನಲ್ ಮೂಲಕ್ಕೆ ಪ್ಯಾಚ್ ಹಾಕಿ, ಆ ಒಂದು ಮಾಡ್ಯೂಲ್ ಮಾತ್ರ ಕಟ್ಟಿ, ಮಾಡ್ಯೂಲ್ ಡೈರೆಕ್ಟರಿಯ ಅಪ್‌ಡೇಟ್ಸ್ ಫೋಲ್ಡರ್‌ಗೆ ಹಾಕಬಹುದು. ಕರ್ನಲ್ ಪ್ಯಾಕೇಜನ್ನು ಎಪಿಟಿ-ಮಾರ್ಕ್ ಹೋಲ್ಡ್ ಮಾಡಿಡಿ, ಇಲ್ಲದಿದ್ದರೆ ಮುಂದಿನ ಅಪ್‌ಡೇಟ್‌ನಲ್ಲಿ ಹಳೆಯ ದೋಷ ಮರಳುತ್ತದೆ. ಹೋಲ್ಡ್ ಇದ್ದಷ್ಟು ದಿನ ಭದ್ರತೆಯ ತಿದ್ದುಪಡಿಗಳೂ ಬರುವುದಿಲ್ಲ, ಆದ್ದರಿಂದ ಪ್ಯಾಚ್ ಬಂದ ದಿನವೇ ಬಿಚ್ಚಿ. ಡೆಪ್‌ಮಾಡ್ -ಎ ಆದ ಮೇಲೆ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು ಮರೆಯಬೇಡಿ: ಗ್ರಾಫಿಕ್ಸ್ ಡ್ರೈವರ್ ಹಲವು ಸಲ ಬೂಟ್‌ನ ಆರಂಭದಲ್ಲೇ ಇನಿಟ್‌ರಾಮ್‌ಎಫ್‌ಎಸ್ ಎಂಬ ಪುಟ್ಟ ತಾತ್ಕಾಲಿಕ ಫೈಲ್‌ಸಿಸ್ಟಮ್‌ನಿಂದ ಲೋಡ್ ಆಗುತ್ತದೆ, ಅಲ್ಲಿ ಹಳೆಯ ಪ್ರತಿ ಉಳಿದಿದ್ದರೆ ಡಿಸ್ಕ್‌ನಲ್ಲಿರುವ ಹೊಸದಕ್ಕೆ ಸರದಿಯೇ ಬರುವುದಿಲ್ಲ. ರೀಬೂಟ್ ಮಾಡಿ, ಲೋಡ್ ಆದ ಮಾಡ್ಯೂಲ್‌ನ ಎಸ್‌ಆರ್‌ಸಿವರ್ಶನ್ (ಸೋರ್ಸ್‌ನ ಗುರುತು ಸಂಖ್ಯೆ) ಅನ್ನು /ಸಿಸ್/ಮಾಡ್ಯೂಲ್ ಕೆಳಗೆ ಓದಿ, ಮಾಡ್‌ಇನ್ಫೋ ಹೇಳುವುದರೊಂದಿಗೆ ತಾಳೆ ನೋಡಿ. ಎರಡೂ ಒಂದೇ ಆಗಿದ್ದರೆ ಉಳಿದ ಯಂತ್ರಗಳಿಗೂ ಹಾಕಿ.